ವಸಡಿನ ಬ್ಯಾಕ್ಟೀರಿಯಾಗೂ ಕರುಳಿನ ಪಾಲಿಪ್‌ಗೂ ಸಂಬಂಧ ಐತಂತೆ, ನಿಜಾನಾ? ಅಪ್ಪನ ಹಲ್ಲೆಲ್ಲಾ ಕೀಳಿಸ್ಬೇಕಾ?

ಮುಳಬಾಗ್ಲು_ಹುಡುಗ
ಎಲ್ರಿಗೂ ನಮಸ್ಕಾರ. ನಮ್ಮಪ್ಪಂಗೆ 58 ವರ್ಷ, ಮುಳಬಾಗ್ಲು ಹತ್ರ ಹಳ್ಳಿ, ಟೊಮೇಟೊ ಬೆಳೀತಾರೆ. ಹೋದ ವರ್ಷದಿಂದ ಮಲದ ಜೊತೆ ಆಗಾಗ ರಕ್ತ ಬೀಳ್ತಿತ್ತು. ಕೇಳಿದೋರೆಲ್ಲಾ ಮೊಳೆರೋಗ ಅಂದ್ರು, ಒಂದು ಕ್ಲಿನಿಕ್ಕಲ್ಲಿ ನೋಡ್ದೆ ಮುಟ್ದೆ ಮುಲಾಮು ಬರ್ಕೊಟ್ಟು ಕಳಿಸ್ತಾನೇ ಇದ್ರು. ಕೊನೆಗೆ ನಾನೇ ಹಟ ಹಿಡ್ದು ಕೋಲಾರಕ್ಕೆ ಕರ್ಕೊಂಡೋಗಿ ಕೊಲೊನೋಸ್ಕೋಪಿ (ಕ್ಯಾಮೆರಾ ಇರೋ ಪೈಪ್ ಬಿಟ್ಟು ಕರುಳು ನೋಡೋದು) ಮಾಡ್ಸಿದ್ರೆ ದೊಡ್ಡ ಕರುಳಲ್ಲಿ ಎರಡು ಪಾಲಿಪ್, ಅಂದ್ರೆ ಒಳಗೋಡೆ ಮೇಲೆ ಎದ್ದಿರೋ ಸಣ್ಣ ಮಾಂಸದ ಗಂಟು, ಸಿಕ್ತು, ಒಂದು 12 ಮಿ.ಮೀ., ಇನ್ನೊಂದು 5. ಎರಡನ್ನೂ ಅಲ್ಲೇ ತೆಗೆದ್ರು. ಬಯಾಪ್ಸಿ ರಿಪೋರ್ಟಲ್ಲಿ ಟ್ಯೂಬುಲರ್ ಅಡಿನೋಮಾ (ಪಾಲಿಪ್‌ನ ಒಂದು ಜಾತಿ), ಲೋ ಗ್ರೇಡ್ ಡಿಸ್‌ಪ್ಲೇಸಿಯಾ (ಕೋಶಗಳು ಸ್ವಲ್ಪ ಮಾತ್ರ ಬದಲಾಗಿವೆ) ಅಂತ ಐತೆ. ಕ್ಯಾನ್ಸರ್ ಅಲ್ಲ ಅಂದ್ರು, ದೇವ್ರು ದೊಡ್ಡೋನು.

ಈಗ ವಿಷ್ಯ ಏನಂದ್ರೆ, ರಿಪೋರ್ಟ್ ತೋರ್ಸೋಕೆ ಹೋದಾಗ ಡಾಕ್ಟ್ರು ಅಪ್ಪನ ಬಾಯಿ ತೆಗ್ಸಿ ಟಾರ್ಚ್ ಬಿಟ್ಟು ನೋಡಿದ್ರು. ಕೆಳಗಿನ ಮುಂದಿನ ಹಲ್ಲು ಅಲ್ಲಾಡ್ತವೆ, ವಸಡು ಊದಿ ಕೆಂಪಗಾಗೈತೆ, ಊಟಕ್ಕೆ ಮುಂಚೆ ಬಾಯಿ ಮುಕ್ಕಳಿಸಿ ಉಗಿದ್ರೂ ರಕ್ತ ಬರ್ತೈತೆ. ಎಲೆ ಅಡಿಕೆ ಜೊತೆ ಕಡ್ಡಿಪುಡಿ (ತಂಬಾಕು) ಹಾಕ್ತಾರೆ, ಎಷ್ಟೋ ವರ್ಷದ ಅಭ್ಯಾಸ. ವಸಡಿನ ಬ್ಯಾಕ್ಟೀರಿಯಾ ಕರುಳಿಗೆ ಹೋಗಿ ಪಾಲಿಪ್ ಹತ್ರ ಸೇರ್ಕೊಳ್ಳುತ್ತೆ, ಹಲ್ಲಿನ ಡಾಕ್ಟ್ರಿಗೂ ತೋರ್ಸಿ ಅಂದ್ರು. ಇದನ್ನ ಮನೇಲಿ ಹೇಳಿದ್ದೇ ತಪ್ಪಾಯ್ತು ಅನ್ನೋ ಹಾಗೆ ನಮ್ಮ ಚಿಕ್ಕಪ್ಪ ಎಲ್ಲಾ ಹಲ್ಲು ಕೀಳ್ಸಿ ಸೆಟ್ ಹಾಕ್ಸಿಬಿಡು, ಪಾಲಿಪ್ ಮತ್ತೆ ಬರಲ್ಲ ಅಂತ ಕೂತವ್ರೆ. ಅಪ್ಪ ಹೆದರ್ಕೊಂಡವ್ರೆ. ಈ ಸಂಬಂಧ ನಿಜಾನಾ? ವಸಡು ಸರಿ ಮಾಡ್ಸಿದ್ರೆ ಪಾಲಿಪ್ ತಡೀಬೋದಾ? ಗೊತ್ತಿರೋರು ದಯವಿಟ್ಟು ಹೇಳಿ.

ಸುಮ್ನೆ_ಓದೋನು
ಹಲ್ಲೆಲ್ಲಿ ದೊಡ್ಡ ಕರುಳೆಲ್ಲಿ ಗುರು, ಮಧ್ಯ ಹೊಟ್ಟೆಯ ಆಸಿಡ್ ಎಲ್ಲಾನೂ ಸುಟ್ಟಾಕಲ್ವಾ?

ಕೆಜಿಎಫ್_ಶಿಫ್ಟ್
ಮೊದ್ಲು ಅಪ್ಪಂಗೆ ಧೈರ್ಯ ಹೇಳಪ್ಪಾ. ಪಾಲಿಪ್ ಸಿಕ್ಕಿದ್ದು ಒಳ್ಳೇದೇ ಆಯ್ತು, ತೆಗೆದಾಯ್ತಲ್ಲ. ನಮ್ಮ ಮಾವಂಗೆ ಸಿಕ್ದಾಗ ಕಾಲ ಮೀರಿತ್ತು.

ಲ್ಯಾಬ್_ಮೇಷ್ಟ್ರು
ಚಿಕ್ಕಬಳ್ಳಾಪುರದಲ್ಲಿ ಮೈಕ್ರೋಬಯಾಲಜಿ ಪಾಠ ಮಾಡ್ತೀನಿ, ಸ್ವಲ್ಪ ಉದ್ದ ಆಗುತ್ತೆ, ಓದ್ಕೊಳ್ಳಿ. ಡಾಕ್ಟ್ರು ಹೇಳಿದ್ದು ಗಾಳಿ ಮಾತಲ್ಲ. ಆ ಬ್ಯಾಕ್ಟೀರಿಯಾ ಹೆಸ್ರು ಫ್ಯೂಸೋಬ್ಯಾಕ್ಟೀರಿಯಂ ನ್ಯೂಕ್ಲಿಯೇಟಮ್. ಎಲ್ರ ಬಾಯಲ್ಲೂ ಇರುತ್ತೆ, ಹಲ್ಲಿನ ಮೇಲೆ ಪಾಚಿ ಕಟ್ಟುವಾಗ ಮೊದ್ಲು ಬಂದು ಕೂರೋ ಬ್ಯಾಕ್ಟೀರಿಯಾಗೂ ಆಮೇಲೆ ಬರೋ ಕೆಟ್ಟವಕ್ಕೂ ಮಧ್ಯದ ಕೊಂಡಿ ಥರ ಇದು. ವಸಡು ಹಾಳಾದೋರ ಬಾಯಲ್ಲಿ ಇದರ ಸಂಖ್ಯೆ ಜಾಸ್ತಿ. 2012ರಲ್ಲಿ ಕೆನಡಾದ ವ್ಯಾಂಕೂವರಿನ ಒಂದು ತಂಡ, ಅಮೆರಿಕದ ಬಾಸ್ಟನ್ನಿನ ಇನ್ನೊಂದು ತಂಡ, ಎರಡೂ ಬೇರೆ ಬೇರೆಯಾಗಿ ಕೆಲಸ ಮಾಡಿ ದೊಡ್ಡ ಕರುಳಿನ ಕ್ಯಾನ್ಸರ್ ಗೆಡ್ಡೆ ಒಳಗೆ ಇದು ಪಕ್ಕದ ಚೆನ್ನಾಗಿರೋ ಭಾಗಕ್ಕಿಂತ ಎಷ್ಟೋ ಜಾಸ್ತಿ ಇದೆ ಅಂತ ಪ್ರಕಟಿಸಿದ್ರು. ಆಮೇಲೆ ಅಡಿನೋಮಾಗಳಲ್ಲೂ, ಅಂದ್ರೆ ನಿಮ್ಮ ತಂದೆಯೋರಿಗೆ ಸಿಕ್ಕ ಥರದ ಪಾಲಿಪ್‌ಗಳಲ್ಲೂ, ಸಿಕ್ತು.

ಹೆಂಗೆ ಅಂಟ್ಕೊಳ್ಳುತ್ತೆ ಅಂದ್ರೆ ಇದರ ಮೈಮೇಲೆ ಫ್ಯಾಡ್‌ಎ ಅಂತ ಒಂದು ಪ್ರೋಟೀನ್ ಇದೆ, ಅದು ಕರುಳಿನ ಜೀವಕೋಶದ ಇ-ಕ್ಯಾಡ್‌ಹೆರಿನ್ ಅನ್ನೋದನ್ನ ಹಿಡ್ಕೊಂಡು ಒಳಗೆ ಬೆಳವಣಿಗೆಯ ಸಿಗ್ನಲ್ ಏರಿಸುತ್ತೆ, 2013ರ ಕೆಲಸ ಇದು. ಫ್ಯಾಪ್2 ಅಂತ ಇನ್ನೊಂದು ಇದೆ, ಅದು ಗೆಡ್ಡೆಯ ಕೋಶಗಳ ಮೇಲೆ ಜಾಸ್ತಿ ಇರೋ ಒಂದು ಸಕ್ಕರೆಗೆ ಕಚ್ಚಿಕೊಳ್ಳುತ್ತೆ. ಅಂದ್ರೆ ಸುಮ್ನೆ ದಾರೀಲಿ ಹೋಗ್ತಾ ಸಿಕ್ಕಿಹಾಕ್ಕೊಂಡಿದ್ದಲ್ಲ, ಜಾಗ ಹುಡುಕ್ಕೊಂಡು ಕೂತ್ಕೊಳ್ಳುತ್ತೆ.

@ಸುಮ್ನೆ_ಓದೋನು ಆಸಿಡ್ ಪ್ರಶ್ನೆ ಒಳ್ಳೇದು. ನಾವು ದಿನಕ್ಕೆ ಸುಮಾರು ಒಂದು ಲೀಟರ್ ಎಂಜಲು ನುಂಗ್ತೀವಿ, ಅದರಲ್ಲಿರೋದು ಬಹುಪಾಲು ಹೊಟ್ಟೇಲಿ ಸಾಯುತ್ತೆ, ನಿಜ. ಆದ್ರೆ 2024ರಲ್ಲಿ ಸಿಯಾಟಲ್‌ನ ಫ್ರೆಡ್ ಹಚ್ ಕೇಂದ್ರದೋರು ಸುಮಾರು 200 ಜನರ ಗೆಡ್ಡೆ ನೋಡಿ, ಈ ಫ್ಯೂಸೋಬ್ಯಾಕ್ಟೀರಿಯಂನಲ್ಲೇ ಒಂದು ಒಳಪಂಗಡ ಸುಮಾರು ಅರ್ಧದಷ್ಟು ಗೆಡ್ಡೆಗಳಲ್ಲಿ ಇದೆ, ಅದಕ್ಕೆ ಹೊಟ್ಟೆಯ ಆಸಿಡ್ ತಡ್ಕೊಳ್ಳೋ ಶಕ್ತಿ ಇದೆ ಅಂತ ತೋರ್ಸಿದ್ರು. ರಕ್ತದ ಮೂಲಕ ಹೋಗೋ ದಾರೀನೂ ಇಲಿಗಳಲ್ಲಿ ತೋರ್ಸಿದ್ದಾರೆ, ರಕ್ತ ಸೋರೋ ವಸಡು ಅಂದ್ರೆ ಬಾಗ್ಲು ತೆಗ್ದಂಗೇ ಅಲ್ವಾ.

ಒಂದು ಎಚ್ಚರಿಕೆ. ಪಾಲಿಪ್ ಶುರು ಮಾಡೋದೇ ಇದು ಅಂತ ಯಾರೂ ಸಾಬೀತು ಮಾಡಿಲ್ಲ. ಶುರುವಾಗಿರೋದನ್ನ ಬೇಗ ಬೆಳೆಸುತ್ತೆ ಅನ್ನೋ ಕಡೆಗೆ ಪುರಾವೆ ಜಾಸ್ತಿ. ಹಲ್ಲು ಕಿತ್ರೆ ಪಾಲಿಪ್ ಬರಲ್ಲ ಅನ್ನೋದಕ್ಕಂತೂ ಆಧಾರನೇ ಇಲ್ಲ.

ಮುಳಬಾಗ್ಲು_ಹುಡುಗ
ತುಂಬಾ ಥ್ಯಾಂಕ್ಸ್ ಸರ್. ಈ ಮೆಸೇಜ್ ಚಿಕ್ಕಪ್ಪಂಗೆ ಓದಿ ಹೇಳ್ತೀನಿ.

ಅವರೆಕಾಳು_ಅಕ್ಕ
ನಂಗೆ ಅರ್ಥ ಆಗದೇ ಇರೋದು ಇದು, ನಮ್ಮ ಕಡೆ ಮುದ್ದೆ, ಸೊಪ್ಪಿನ ಸಾರು, ಉಪ್ಪುಸಾರು, ಅವರೆಕಾಳು ಇಷ್ಟೇ ತಿನ್ನೋದು. ಹಳೇ ತಲೆಗಳಿಗೆ ಇದೆಲ್ಲಾ ಎಲ್ಲಿತ್ತು? ಈಗ ಬರ್ತಿರೋದು ಬೇಕರಿ, ಗೋಬಿ ಮಂಚೂರಿ ಇಂದಾನೇ ಅನ್ಸುತ್ತೆ.

ಶಿಡ್ಲಘಟ್ಟ_ರೇಷ್ಮೆ
ಅಕ್ಕಾ, ಹಳೇ ತಲೆಗಳಿಗೆ ಕೊಲೊನೋಸ್ಕೋಪಿ ಮಾಡಿದ್ದು ಯಾರು? ನಮ್ಮಜ್ಜಿ ಹೊಟ್ಟೆ ನೋವು ಹೊಟ್ಟೆ ನೋವು ಅಂತಾನೇ ಹೋದ್ರು, ಏನಂತ ಯಾರಿಗೂ ಗೊತ್ತಾಗ್ಲಿಲ್ಲ.

ಲ್ಯಾಬ್_ಮೇಷ್ಟ್ರು
ಇಬ್ರು ಹೇಳ್ತಿರೋದ್ರಲ್ಲೂ ಸತ್ಯ ಇದೆ. ಭಾರತದಲ್ಲಿ ಈ ಕ್ಯಾನ್ಸರ್ ಪಶ್ಚಿಮದ ದೇಶಗಳಿಗಿಂತ ಕಮ್ಮಿ, ಇವತ್ತಿಗೂ ಕಮ್ಮಿ. ರಾಗಿಗೆ ಅದರಲ್ಲಿ ಪಾಲು ಇರಬೋದು, 100 ಗ್ರಾಂ ರಾಗೀಲಿ ಸುಮಾರು 11 ಗ್ರಾಂ ನಾರು, ಪಾಲಿಶ್ ಮಾಡಿದ ಅಕ್ಕೀಲಿ 3 ಗ್ರಾಂ ಕೂಡ ಇರಲ್ಲ. ಆ ನಾರನ್ನ ದೊಡ್ಡ ಕರುಳಿನ ಒಳ್ಳೇ ಬ್ಯಾಕ್ಟೀರಿಯಾಗಳು ಹುಳಿಯಿಸಿ ಬ್ಯುಟಿರೇಟ್ ಅಂತ ಒಂದು ಆಮ್ಲ ಮಾಡ್ತವೆ, ಕರುಳಿನ ಒಳಗೋಡೆ ಕೋಶಗಳಿಗೆ ಅದೇ ಮುಖ್ಯ ಆಹಾರ. ಅಕ್ಕನ ಮನೆ ಊಟ ಬಿಡೋದು ಬೇಡ. ಆದ್ರೆ ಮುದ್ದೆ ತಿಂತೀನಿ ನಂಗೇನೂ ಆಗಲ್ಲ ಅಂತ ರಕ್ತ ಬಂದಾಗ ಸುಮ್ನೆ ಕೂರೋದೂ ಬೇಡ.

ಹಲ್ಲಿನ_ಡಾಕ್ಟ್ರು_ತುಮಕೂರು
ಚಿಕ್ಕಪ್ಪೋರಿಗೆ ನನ್ನ ಕಡೆಯಿಂದ ಹೇಳಿ, ಹಲ್ಲು ಕೀಳ್ಸೋದು ಕೊನೇ ಮಾತು. ಮೊದ್ಲು ವಸಡಿನ ಪಾಕೆಟ್ ಅಳತೆ ಮಾಡಿಸ್ಬೇಕು. ಸಣ್ಣ ಗುರುತಿರೋ ಕಡ್ಡಿ ಹಲ್ಲಿಗೂ ವಸಡಿಗೂ ಮಧ್ಯ ಇಳಿಸಿ ನೋಡ್ತೀವಿ, 3 ಮಿ.ಮೀ. ಒಳಗಿದ್ರೆ ಸರಿ, ಅದಕ್ಕಿಂತ ಆಳ ಇದ್ರೆ ಅಲ್ಲಿ ಬ್ರಷ್ ತಲುಪಲ್ಲ, ಗಾಳಿನೂ ಆಡಲ್ಲ, ಮೇಷ್ಟ್ರು ಹೇಳಿದ ಫ್ಯೂಸೋಬ್ಯಾಕ್ಟೀರಿಯಂಗೆ ಆಮ್ಲಜನಕ ಇಲ್ಲದ ಅಂಥ ಜಾಗನೇ ಬೇಕು. ಅದಕ್ಕೆ ಡೀಪ್ ಕ್ಲೀನಿಂಗ್ ಇದೆ, ಬೇರಿನ ಮೇಲೆ ಕಟ್ಟಿರೋ ಗಟ್ಟಿ ಪಾಚಿ ಕೆರೆದು ತೆಗೀತೀವಿ. ಎಷ್ಟೋ ಅಲ್ಲಾಡೋ ಹಲ್ಲು ಇದರಿಂದಲೇ ಗಟ್ಟಿ ಆಗ್ತವೆ. ಪೂರ್ತಿ ಮೂಳೆ ಕರಗಿರೋದನ್ನ ಮಾತ್ರ ತೆಗೀಬೇಕಾಗುತ್ತೆ.

ಪಾಲಿಪ್ ವಿಷ್ಯಕ್ಕೆ ಬಂದ್ರೆ 2020ರಲ್ಲಿ ಹಾರ್ವರ್ಡಿನೋರು ಅಮೆರಿಕದ ನರ್ಸುಗಳು ಮತ್ತೆ ಇತರ ಆರೋಗ್ಯ ಸಿಬ್ಬಂದಿಯ ದೊಡ್ಡ ಅಧ್ಯಯನದ ಲೆಕ್ಕ ತೆಗೆದ್ರು. ವಸಡಿನ ಕಾಯಿಲೆ ಇದ್ದೋರಲ್ಲಿ ಸೆರೇಟೆಡ್ ಅನ್ನೋ ಜಾತಿಯ ಪಾಲಿಪ್ ಸಾಧ್ಯತೆ 17% ಜಾಸ್ತಿ ಕಂಡಿತ್ತು, ನಾಲ್ಕು ಅಥವಾ ಅದಕ್ಕಿಂತ ಹೆಚ್ಚು ಹಲ್ಲು ಕಳ್ಕೊಂಡೋರಲ್ಲಿ 20%. ನೋಡಿ, ಹಲ್ಲು ಹೋದೋರಲ್ಲೇ ಜಾಸ್ತಿ!

ಲ್ಯಾಬ್_ಮೇಷ್ಟ್ರು
ಡಾಕ್ಟ್ರೇ, ಅದು ಜೊತೆಗೆ ಕಂಡಿದ್ದು ಮಾತ್ರ, ಕಾರಣ ಅಂತ ಅಲ್ಲ ಅನ್ನೋದನ್ನೂ ಸೇರಿಸಿ. ಹಲ್ಲು ಹೋಗಿರೋದು ಹಳೇ ವಸಡಿನ ಕಾಯಿಲೆಯ ಗುರುತು. ಸಿಗರೇಟು, ಸಕ್ಕರೆ ಕಾಯಿಲೆ, ತೂಕ ಇವೆಲ್ಲಾ ವಸಡನ್ನೂ ಕೆಡಿಸ್ತವೆ ಪಾಲಿಪ್ಪನ್ನೂ ಹೆಚ್ಚಿಸ್ತವೆ. ಅವರು ಲೆಕ್ಕದಲ್ಲಿ ಅದನ್ನ ಸರಿದೂಗಿಸಿದ್ದಾರೆ, ಆದ್ರೂ ಪೂರ್ತಿ ಬೇರ್ಪಡಿಸೋಕೆ ಆಗಲ್ಲ.

ಹಲ್ಲಿನ_ಡಾಕ್ಟ್ರು_ತುಮಕೂರು
ಒಪ್ತೀನಿ ಸರ್. ಆದ್ರೆ ಜಪಾನಿನಲ್ಲಿ ಇನ್ನೊಂದು ಕೆಲಸ ಆಗಿದೆ ನೋಡಿ. 2019ರಲ್ಲಿ ಕರುಳಿನ ಕ್ಯಾನ್ಸರ್ ರೋಗಿಗಳ ಎಂಜಲಲ್ಲಿ ಸಿಕ್ಕ ಫ್ಯೂಸೋಬ್ಯಾಕ್ಟೀರಿಯಂ ತಳಿ, ಅದೇ ರೋಗಿಯ ಗೆಡ್ಡೇಲಿ ಸಿಕ್ಕ ತಳಿ, ಎರಡೂ ಒಂದೇ ಅಂತ ಹಲವರಲ್ಲಿ ತೋರ್ಸಿದ್ರು. 2021ರಲ್ಲಿ ಕರುಳಲ್ಲಿ ಗೆಡ್ಡೆ ಇದ್ದೋರಿಗೆ ವಸಡಿನ ಚಿಕಿತ್ಸೆ ಕೊಟ್ಟು ನೋಡಿದಾಗ, ವಸಡು ಚೆನ್ನಾಗಿ ವಾಸಿಯಾದೋರ ಮಲದಲ್ಲಿ ಈ ಬ್ಯಾಕ್ಟೀರಿಯಾ ಕಮ್ಮಿ ಆಯ್ತು. ಸಣ್ಣ ಅಧ್ಯಯನಗಳೇ. ಪಾಲಿಪ್ ಕಮ್ಮಿ ಆಯ್ತು ಅಂತ ಅವರೂ ಹೇಳಿಲ್ಲ, ನಾನೂ ಹೇಳಲ್ಲ. ಆದ್ರೆ ವಸಡು ಸರಿ ಮಾಡ್ಸೋಕೆ ಇನ್ನೂ ಪುರಾವೆ ಕಾಯ್ತಾ ಕೂರಬೇಕಾ? ಹಲ್ಲು ಉಳಿಯುತ್ತೆ, ಸಕ್ಕರೆ ಹತೋಟಿಗೆ ಬರುತ್ತೆ, ಅಷ್ಟೇ ಸಾಕಲ್ವಾ.

ಪಾವಗಡ_ಬಿಸಿಲು
ನಮ್ಮೂರ ಕಡೆ ಎಲ್ರ ಹಲ್ಲೂ ಹಳದಿ ಕಂದು, ಫ್ಲೋರೈಡ್ ನೀರು. ಹಂಗಾದ್ರೆ ನಮಗೆಲ್ಲಾ ಪಾಲಿಪ್ ಗ್ಯಾರಂಟಿನಾ ಡಾಕ್ಟ್ರೇ?

ಹಲ್ಲಿನ_ಡಾಕ್ಟ್ರು_ತುಮಕೂರು
ಇಲ್ಲ ಇಲ್ಲ, ಎರಡೂ ಬೇರೆ ಬೇರೆ. ಫ್ಲೋರೋಸಿಸ್ ಅಂದ್ರೆ ಚಿಕ್ಕ ವಯಸ್ಸಲ್ಲಿ ಹಲ್ಲು ಒಳಗೆ ಬೆಳೆಯುವಾಗಲೇ ಎನಾಮಲ್ ಮೇಲೆ ಬಿದ್ದ ಕಲೆ. ಪಾವಗಡ, ಶಿರಾ, ಕೋಲಾರ, ಬಾಗೇಪಲ್ಲಿ ಎಲ್ಲಾ ಕಡೆ ಬೋರ್‌ವೆಲ್ ಆಳಕ್ಕೆ ಹೋದಷ್ಟೂ ಈ ಗೋಳು. ಲೀಟರಿಗೆ 1.5 ಮಿಲಿಗ್ರಾಂ ದಾಟಬಾರದು. ಅದಕ್ಕೂ ವಸಡಿನ ಬ್ಯಾಕ್ಟೀರಿಯಾಗೂ ಸಂಬಂಧ ಕಟ್ಟಬೇಡಿ. ಆದ್ರೆ ನಮ್ಮ ಕಡೆ ಒಂದು ತೊಂದ್ರೆ ಇದೆ, ಹಲ್ಲು ಹೆಂಗಿದ್ರೂ ಕಂದು ಅಂತ ಜನ ವಸಡಿನ ಕಡೆ ನೋಡೋದೇ ಇಲ್ಲ, ಇದ್ದಿಲು ಇಟ್ಟಿಗೆಪುಡಿ ಹಾಕಿ ಉಜ್ಜಿ ಉಜ್ಜಿ ಹಲ್ಲಿನ ಬುಡ ಸವೆಸ್ಕೊಂಡು ಬರ್ತಾರೆ. ಮೊನ್ನೆ ಒಬ್ರು ಮಧುಗಿರಿ ಕಡೆಯೋರು ಬಂದಿದ್ರು, ಬುಡದಲ್ಲಿ ಹಲ್ಲು ಅರ್ಧ ಕಡಿದ ಹಾಗಿತ್ತು, ತಣ್ಣೀರು ಕುಡಿಯೋಕೂ ಆಗ್ತಿರ್ಲಿಲ್ಲ ಪಾಪ.

ಪಾವಗಡ_ಬಿಸಿಲು
ಸದ್ಯ. ಈಗ ಘಟಕದ ನೀರು ಕ್ಯಾನಲ್ಲಿ ತರ್ತೀವಿ, ಮಕ್ಕಳ ಹಲ್ಲಾದ್ರೂ ಬೆಳ್ಳಗಿರ್ಲಿ.

ಹೊಂಗೆ_ನೆರಳು
ಬೇವಿನ ಕಡ್ಡಿ, ಹೊಂಗೆ ಕಡ್ಡಿ ಬಿಟ್ಟು ಪೇಸ್ಟ್ ಹಿಡ್ಕೊಂಡಿದ್ದೇ ಕಾರಣ. ಬೆಳಗ್ಗೆ ಎದ್ದು ಎಳ್ಳೆಣ್ಣೆ ಬಾಯಲ್ಲಿ ಮುಕ್ಕಳಿಸಿ, ರಾತ್ರಿ ತ್ರಿಫಲ ತಗೊಳ್ಳಿ, ಪಾಲಿಪ್ ತಾನಾಗೇ ಉದುರಿ ಹೋಗುತ್ತೆ. ಈ ಪೈಪ್ ಒಳಗೆ ಬಿಡೋದೆಲ್ಲಾ ಯಾಕೆ?

ನರ್ಸಕ್ಕ_ಕೋಲಾರ
@ಹೊಂಗೆ_ನೆರಳು ಅಣ್ಣಾ, ದಯವಿಟ್ಟು ಹಿಂಗೆ ಬರೀಬೇಡಿ, ಯಾರಾದ್ರೂ ನಂಬ್ತಾರೆ. ನಾನು ಎಂಡೋಸ್ಕೋಪಿ ರೂಮಲ್ಲಿ ಕೆಲಸ ಮಾಡೋಳು. ಅಡಿನೋಮಾ ಕರುಳಿನ ಒಳಗೋಡೆಯಿಂದಲೇ ಎದ್ದಿರೋ ಮಾಂಸ, ಅದನ್ನ ಪುಡಿ ಉದುರ್ಸಲ್ಲ. ಬೇವಿನ ಕಡ್ಡಿ ಹಾಕ್ಕೊಳ್ಳಿ, ಎಣ್ಣೆ ಮುಕ್ಕಳಿಸಿ, ಬೇಡ ಅನ್ನಲ್ಲ, ಆದ್ರೆ ತೆಗ್ಸೋದನ್ನ ತಪ್ಪಿಸ್ಬೇಡಿ.

ಹೊಂಗೆ_ನೆರಳು
ನಮ್ಮ ತಾತ 90 ವರ್ಷ ಬದುಕಿದ್ರು ಕಡ್ಡಿಯಲ್ಲೇ ಹಲ್ಲುಜ್ಜಿ.

ಹಲ್ಲಿನ_ಡಾಕ್ಟ್ರು_ತುಮಕೂರು
ತಾತನಿಗೆ ಕೈಮುಗೀತೀನಿ. ಕಡ್ಡಿ ಹಲ್ಲಿನ ಮೇಲ್ಭಾಗ ಚೆನ್ನಾಗಿ ಉಜ್ಜುತ್ತೆ, ವಸಡಿನ ಪಾಕೆಟ್ ಒಳಗೆ ಹೋಗಲ್ಲ, ಕಾಯಿಲೆ ಇರೋದು ಅಲ್ಲಿ.

ಗುಬ್ಬಿ_ತೋಟ
ಮೊದಲನೇ ಪೋಸ್ಟಲ್ಲಿ ಎಲೆ ಅಡಿಕೆ ಅಂತ ಬರ್ದಿರೋದಕ್ಕೆ ಹೇಳ್ತೀನಿ, ತಪ್ಪು ಕಡ್ಡಿಪುಡಿದು, ಅಡಿಕೆದಲ್ಲ. ಎಲ್ಲಾದ್ರಲ್ಲೂ ಅಡಿಕೆ ಎಳೆದು ತಂದು ಬೆಳೆಗಾರರ ಹೊಟ್ಟೆ ಮೇಲೆ ಹೊಡೀತಾರೆ. ಮದುವೆ ಮುಂಜಿ ತಾಂಬೂಲ ಇಲ್ದೆ ಆಗುತ್ತಾ?

ಲ್ಯಾಬ್_ಮೇಷ್ಟ್ರು
ನಿಮ್ಮ ಕಷ್ಟ ಅರ್ಥ ಆಗುತ್ತೆ, ನಮ್ಮ ಸಂಬಂಧಿಕರದ್ದೂ ತೋಟ ಇದೆ. ಆದ್ರೆ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2004ರಲ್ಲೇ ತಂಬಾಕು ಇಲ್ಲದ ಅಡಿಕೆಯನ್ನೂ ಮೊದಲನೇ ಗುಂಪಿಗೆ, ಅಂದ್ರೆ ಕ್ಯಾನ್ಸರ್ ತರುತ್ತೆ ಅಂತ ಖಚಿತವಾಗಿರೋ ಪಟ್ಟಿಗೆ, ಹಾಕಿದೆ, ಬಾಯಿ ಕ್ಯಾನ್ಸರಿನ ಕಾರಣಕ್ಕೆ. ಮದುವೇಲಿ ಒಂದು ತಾಂಬೂಲದ ಮಾತಲ್ಲ, ದಿನಾ ಕೆನ್ನೇಲಿ ಇಟ್ಕೊಳ್ಳೋದರ ಮಾತು.

ಗುಬ್ಬಿ_ತೋಟ
ಅದರ ಮೇಲೆ ತಕರಾರು ಇದೆ ಸರ್, ಬೆಳೆಗಾರರು ಒಪ್ಪಿಲ್ಲ. ಇಲ್ಲಿ ಜಗಳ ಬೇಡ, ಅವರಪ್ಪ ಹುಷಾರಾಗ್ಲಿ.

ಚಿಂತಾಮಣಿ_ಮೆಡಿಕಲ್ಸ್
ನಂದು ಔಷಧಿ ಅಂಗಡಿ. ಇಲ್ಲಿ ಯಾರೂ ಹೇಳದೇ ಇರೋ ಒಂದು ವಿಷ್ಯ ಐತೆ, ಗ್ಯಾಸ್ ಮಾತ್ರೆ. ಬೆಳಗ್ಗೆ ಅಂಗಡಿ ಷಟರ್ ಎತ್ತೋದ್ರೊಳಗೆ ಪ್ಯಾಂಟೊಪ್ರಜೋಲ್ ಕೇಳ್ಕೊಂಡು ನಿಂತಿರ್ತಾರೆ, ಚೀಟಿ ಇಲ್ಲ ಏನಿಲ್ಲ, ವರ್ಷಗಟ್ಲೆ ನುಂಗ್ತಾವ್ರೆ. ಹೊಟ್ಟೆ ಆಸಿಡ್ಡೇ ಬ್ಯಾಕ್ಟೀರಿಯಾಗೆ ಕಾವಲು ಅಂದ್ರಲ್ಲ ಮೇಷ್ಟ್ರು, ಆ ಕಾವಲೇ ತೆಗ್ದ್ರೆ?

ಲ್ಯಾಬ್_ಮೇಷ್ಟ್ರು
ಬಹಳ ಒಳ್ಳೇ ಮಾತು. 2016ರಲ್ಲಿ ಬ್ರಿಟನ್ ಮತ್ತೆ ನೆದರ್ಲೆಂಡ್ಸಿನ ಎರಡು ದೊಡ್ಡ ಕೆಲಸಗಳು ಇದನ್ನೇ ತೋರ್ಸಿವೆ, ಈ ಮಾತ್ರೆ ತಗೊಳ್ಳೋರ ಮಲದಲ್ಲಿ ಬಾಯಿಯ ಬ್ಯಾಕ್ಟೀರಿಯಾ ಜಾಸ್ತಿ. ಅದರಿಂದ ಪಾಲಿಪ್ ಬರುತ್ತೆ ಅಂತ ಮುಂದುವರಿಸಿ ಹೇಳೋಕಾಗಲ್ಲ. ಅಲ್ಸರ್ ಇರೋರು, ಆಸ್ಪಿರಿನ್ ತಗೊಳ್ಳೋರು ಡಾಕ್ಟ್ರು ಬರೆದಿದ್ರೆ ನಿಲ್ಲಿಸ್ಬೇಡಿ. ಕಾರಣ ಇಲ್ದೆ ಅಭ್ಯಾಸಕ್ಕೆ ನುಂಗೋರು ಒಂದ್ಸಲ ಡಾಕ್ಟ್ರನ್ನ ಕೇಳಿ.

ತಿಪಟೂರು_ಕೊಬ್ಬರಿ
ಇಷ್ಟೆಲ್ಲಾ ಯಾಕೆ, ಬ್ಯಾಕ್ಟೀರಿಯಾನೇ ಕಾರಣ ಅಂದ್ರೆ ಮೆಟ್ರೋನಿಡಜೋಲ್ ಒಂದು ಕೋರ್ಸ್ ತಗೊಂಡ್ರೆ ಮುಗೀತಲ್ಲ? ಭೇದಿಗೆ ಕೊಡ್ತಾರಲ್ಲ ಅದೇ.

ಲ್ಯಾಬ್_ಮೇಷ್ಟ್ರು
ಈ ಐಡಿಯಾ ಅಪಾಯ, ಅದಕ್ಕೇ ಬಿಡಿಸಿ ಹೇಳ್ತೀನಿ. 2017ರಲ್ಲಿ ಒಂದು ಪ್ರಯೋಗ ಆಯ್ತು. ಫ್ಯೂಸೋಬ್ಯಾಕ್ಟೀರಿಯಂ ಇರೋ ಮನುಷ್ಯರ ಗೆಡ್ಡೇನ ಇಲಿಗೆ ಕಸಿ ಮಾಡಿ ಮೆಟ್ರೋನಿಡಜೋಲ್ ಕೊಟ್ರು, ಗೆಡ್ಡೆ ಬೆಳೆಯೋದು ನಿಧಾನ ಆಯ್ತು. ಇದು ಇಲಿಯಲ್ಲಿ, ಅದೂ ಕ್ಯಾನ್ಸರ್ ಗೆಡ್ಡೆಗೆ. ಮನುಷ್ಯರ ಪಾಲಿಪ್‌ಗೆ ಈ ಚಿಕಿತ್ಸೆ ಇಲ್ಲ. ಅದೇ 2017ರಲ್ಲೇ ಬಂದ ನರ್ಸುಗಳ ಅಧ್ಯಯನದಲ್ಲಿ, 20ರಿಂದ 59 ವರ್ಷದೊಳಗೆ ಒಟ್ಟು ಎರಡು ತಿಂಗಳು ಅಥವಾ ಜಾಸ್ತಿ ಆಂಟಿಬಯೋಟಿಕ್ ತಗೊಂಡಿದ್ದ ಹೆಂಗಸರಲ್ಲಿ ಆಮೇಲೆ ಅಡಿನೋಮಾ ಹೆಚ್ಚು ಕಂಡಿತ್ತು. ಕೆಟ್ಟದ್ದನ್ನ ಕೊಲ್ಲೋಕೆ ಹೋಗಿ ಬ್ಯುಟಿರೇಟ್ ಮಾಡೋ ಒಳ್ಳೇವನ್ನೂ ಕೊಂದ್ರೆ ಹಿಂಗಾಗುತ್ತೆ ಅಂತ ಅನುಮಾನ.

ಚಿಂತಾಮಣಿ_ಮೆಡಿಕಲ್ಸ್
ಇದನ್ನ ಪ್ರಿಂಟ್ ಮಾಡಿ ಅಂಗಡೀಲಿ ಅಂಟಿಸ್ತೀನಿ. ಶೀತಕ್ಕೂ ಆಂಟಿಬಯೋಟಿಕ್ ಕೇಳೋರಿಗೆ ಹೇಳಿ ಹೇಳಿ ಸಾಕಾಗೈತೆ.

ಗೌರಿಬಿದನೂರು_ಮಗಳು
ನನ್ನ ಗೆಳತಿ ಗಂಡನಿಗೆ ಬೆಂಗ್ಳೂರಲ್ಲಿ ಕೆಲಸ, ವಯಸ್ಸು ಇನ್ನೂ 36, ಕುಡಿಯಲ್ಲ ಸೇದಲ್ಲ, ಹಲ್ಲು ಮುತ್ತಿನಂಗವೆ. ದೊಡ್ಡ ಕರುಳಿನ ಕ್ಯಾನ್ಸರ್, ಕಿದ್ವಾಯೀಲಿ ಕೀಮೋ ನಡೀತಿದೆ. ಇಂಥೋರಿಗೆ ಯಾಕೆ ಬರುತ್ತೆ? ಅವಳು ನನ್ನ ಕೇಳ್ತಾಳೆ, ನಂಗೆ ಏನ್ ಹೇಳ್ಬೇಕೋ ಗೊತ್ತಾಗಲ್ಲ.

ಲ್ಯಾಬ್_ಮೇಷ್ಟ್ರು
ತುಂಬಾ ನೋವಿನ ವಿಷಯ ಅಮ್ಮಾ. ಒಬ್ಬರಿಗೆ ಯಾಕೆ ಬಂತು ಅಂತ ಯಾರೂ ಬೆರಳಿಟ್ಟು ತೋರ್ಸಕ್ಕಾಗಲ್ಲ. ಅವರು ಏನೋ ತಪ್ಪು ಮಾಡಿದ್ದಕ್ಕೆ ಬಂದಿದ್ದಲ್ಲ ಅಂತ ಮೊದ್ಲು ಹೇಳಿ. ಚಿಕ್ಕ ವಯಸ್ಸಲ್ಲಿ ಬಂದ್ರೆ ಲಿಂಚ್ ಸಿಂಡ್ರೋಮ್ ಥರ ವಂಶದ ಕಾರಣ ಇದ್ಯಾ ಅಂತ ಪರೀಕ್ಷೆ ಮಾಡ್ತಾರೆ, ಅಣ್ಣ ತಮ್ಮಂದಿರಿಗೆ, ಮಕ್ಕಳಿಗೆ ಅದರಿಂದ ಉಪಯೋಗ ಇದೆ, ಅದನ್ನ ಅವರ ಡಾಕ್ಟ್ರ ಹತ್ರ ಕೇಳಲಿ.

ಬ್ಯಾಕ್ಟೀರಿಯಾ ಕಡೆಯಿಂದ ಹೇಳೋದಾದ್ರೆ ಬಾಯಿಯದ್ದು ಒಂದೇ ಅಲ್ಲ, ಕರುಳಲ್ಲೇ ಇರೋ ಇ. ಕೋಲಿಯ ಕೆಲವು ತಳಿಗಳು ಕೊಲಿಬ್ಯಾಕ್ಟಿನ್ ಅನ್ನೋ ವಿಷ ತಯಾರಿಸ್ತವೆ, ಅದು ನೇರವಾಗಿ ನಮ್ಮ ಡಿಎನ್‌ಎಗೆ ಹಾನಿ ಮಾಡುತ್ತೆ, ಮಾಡಿದ ಜಾಗದಲ್ಲಿ ಒಂದು ಗುರುತು ಬಿಟ್ಟು ಹೋಗುತ್ತೆ. 2025ರಲ್ಲಿ 11 ದೇಶಗಳ 981 ಗೆಡ್ಡೆಗಳ ಡಿಎನ್‌ಎ ಓದಿದಾಗ ಆ ಗುರುತು 40 ವರ್ಷದೊಳಗಿನ ರೋಗಿಗಳಲ್ಲಿ, 70 ದಾಟಿದೋರಿಗಿಂತ 3.3 ಪಟ್ಟು ಜಾಸ್ತಿ ಕಂಡಿತು. ಬಾಲ್ಯದಲ್ಲೇ, ಮೊದಲ ಹತ್ತು ವರ್ಷದೊಳಗೇ ಈ ಹಾನಿ ಆಗಿರಬೋದು ಅಂತ ಅವರ ಊಹೆ. ಹಾಗಿದ್ರೆ 36ರ ಮನುಷ್ಯ ಈಗ ಹೆಂಗೆ ಬದುಕ್ತಿದ್ದಾನೆ ಅನ್ನೋದಕ್ಕೂ ಇದಕ್ಕೂ ಸಂಬಂಧನೇ ಇಲ್ದೆ ಇರಬೋದು.

ಗೌರಿಬಿದನೂರು_ಮಗಳು
ಇದನ್ನ ಅವಳಿಗೆ ಹೇಳ್ತೀನಿ ಸರ್. ತಾನು ಮಾಡಿ ಹಾಕಿದ ಅಡುಗೆಯಿಂದ ಹಿಂಗಾಯ್ತಾ ಅಂತ ಅಳ್ತಿದ್ಲು.

ಅವರೆಕಾಳು_ಅಕ್ಕ
ಅಯ್ಯೋ ಪಾಪ, ಅವಳಿಗೆ ಅದು ಖಂಡಿತಾ ಹೇಳಮ್ಮಾ. ಮನೇಲಿ ಏನಾದ್ರೂ ಆದ್ರೆ ಮೊದ್ಲು ಅಡುಗೆ ಮನೆ ಮೇಲೇ ಬರುತ್ತೆ ನಮ್ಮ ಜನಕ್ಕೆ.

ಮಾಲೂರು_ಹಂಚು
ನಮ್ಮ ಸೋದರಮಾವನ ಕಥೆ ಹೇಳ್ತೀನಿ, ಬ್ಯಾಕ್ಟೀರಿಯಾ ಅಂದ್ರಲ್ಲ ಅದಕ್ಕೆ. ವಾರಗಟ್ಲೆ ಜ್ವರ, ಎಲ್ಲಾ ಪರೀಕ್ಷೆ ಆಯ್ತು, ಕೊನೆಗೆ ಹೃದಯದ ವಾಲ್ವಿಗೆ ಸೋಂಕು ಅಂತ ಗೊತ್ತಾಯ್ತು. ಅದು ಸರಿಹೋಗ್ತಿದ್ದಂಗೆ ಡಾಕ್ಟ್ರು ಕೊಲೊನೋಸ್ಕೋಪಿ ಮಾಡ್ಸಿ ಅಂದ್ರು, ನಮಗೆಲ್ಲಾ ಸಿಟ್ಟು ಬಂತು, ಎದೆ ಕಾಯಿಲೆಗೆ ಕರುಳು ನೋಡೋದ್ಯಾಕೆ, ದುಡ್ಡಿಗೆ ಮಾಡ್ತಾವ್ರೆ ಅಂತ ಅತ್ತೆ ಜಗಳಾನೇ ಮಾಡಿದ್ರು. ಮಾಡ್ಸಿದ್ರೆ ದೊಡ್ಡ ಪಾಲಿಪ್ ಇತ್ತು! ಅವರಿಗೆ ಹೆಂಗೆ ಗೊತ್ತಾಯ್ತು ಅಂತ ಇವತ್ತಿಗೂ ನಂಗೆ ಆಶ್ಚರ್ಯ.

ಲ್ಯಾಬ್_ಮೇಷ್ಟ್ರು
ರಕ್ತದ ಕಲ್ಚರಲ್ಲಿ (ರಕ್ತದಲ್ಲಿರೋ ಬ್ಯಾಕ್ಟೀರಿಯಾ ಬೆಳೆಸಿ ನೋಡೋ ಪರೀಕ್ಷೆ) ಸ್ಟ್ರೆಪ್ಟೋಕಾಕಸ್ ಗ್ಯಾಲೋಲಿಟಿಕಸ್ ಅನ್ನೋ ಬ್ಯಾಕ್ಟೀರಿಯಾ ಬಂದಿರುತ್ತೆ, ಹಳೇ ಹೆಸ್ರು ಬೋವಿಸ್. ಇದು ವಾಲ್ವಿಗೆ ಬಂದ್ರೆ ಕರುಳು ನೋಡಲೇಬೇಕು ಅನ್ನೋದು ನಿಯಮ. 1951ರಲ್ಲೇ ಒಂದು ಕೇಸ್ ವರದಿ ಆಗಿತ್ತು, 1977ರಲ್ಲಿ ಗಟ್ಟಿಯಾಗಿ ತೋರ್ಸಿದ್ರು. ಕರುಳಿಗೂ ಬ್ಯಾಕ್ಟೀರಿಯಾಗೂ ಸಂಬಂಧ ಅನ್ನೋದು ನಿನ್ನೆ ಮೊನ್ನೆ ಹುಟ್ಟಿದ ಮಾತಲ್ಲ. ನಿಮ್ಮ ಮಾವನ ಡಾಕ್ಟ್ರು ತುಂಬಾ ಓದ್ಕೊಂಡೋರು, ಸಿಕ್ಕಿದ್ರೆ ನಮಸ್ಕಾರ ಹೇಳಿ.

ಮುಳಬಾಗ್ಲು_ಹುಡುಗ
ಎಲ್ರ ಉತ್ತರ ಓದ್ತಿದೀನಿ. ನರ್ಸಕ್ಕ, ಒಂದು ಕೇಳ್ಬೇಕಿತ್ತು. ಮತ್ತೆ ಯಾವಾಗ ಮಾಡ್ಸಬೇಕು? ಅಪ್ಪ ಇನ್ನೊಂದ್ಸಲ ಆ ಔಷಧಿ ನೀರು ಕುಡಿಯಲ್ಲ ಅಂತ ಈಗ್ಲೇ ಹೇಳ್ತಾವ್ರೆ. ಮತ್ತೆ ನಂಗೂ ಮಾಡ್ಸಬೇಕಾ? ನಂಗೆ 31.

ನರ್ಸಕ್ಕ_ಕೋಲಾರ
ತಮ್ಮಾ, ದಿನಾಂಕ ನಿಮ್ಮ ಡಾಕ್ಟ್ರೇ ಬರ್ದು ಕೊಟ್ಟಿರ್ತಾರೆ, ಡಿಸ್ಚಾರ್ಜ್ ಚೀಟಿ ನೋಡು. ಸಾಮಾನ್ಯವಾಗಿ ಒಂದೆರಡು ಸಣ್ಣ ಅಡಿನೋಮಾ ಆದ್ರೆ 7ರಿಂದ 10 ವರ್ಷ ಬಿಟ್ಟು ನೋಡ್ತಾರೆ, 10 ಮಿ.ಮೀ. ಅಥವಾ ಅದಕ್ಕಿಂತ ದೊಡ್ಡದು ಒಂದಿದ್ರೂ 3 ವರ್ಷಕ್ಕೆ. ನಿಮ್ಮಪ್ಪಂದು 12, ಅದಕ್ಕೇ 3 ವರ್ಷ ಅಂದ್ಕೋ. ಬಯಾಪ್ಸಿ ರಿಪೋರ್ಟು, ಒಳಗಿನ ಫೋಟೋ ಇರೋ ಕಾಗದ ಎರಡನ್ನೂ ಲ್ಯಾಮಿನೇಟ್ ಮಾಡ್ಸಬೇಡ, ಕವರಲ್ಲಿ ಜೋಪಾನ ಇಡು, ಫೋನಲ್ಲೂ ಫೋಟೋ ತೆಗ್ದಿಡು. ಎಷ್ಟೋ ಜನ ಕಾಗದ ಕಳ್ಕೊಂಡು ಬರ್ತಾರೆ, ಏನು ತೆಗೆದ್ರು, ಎಷ್ಟು ದೊಡ್ಡದಿತ್ತು ಯಾರಿಗೂ ಗೊತ್ತಿರಲ್ಲ.

ನಿಂಗೆ: ಅಪ್ಪಂಗೋ ಅಮ್ಮಂಗೋ 60ರ ಒಳಗೆ ಇಷ್ಟು ದೊಡ್ಡ ಅಡಿನೋಮಾ ಸಿಕ್ಕಿದ್ರೆ ಮಕ್ಕಳು 40ಕ್ಕೆ, ಇಲ್ಲಾ ಅವರಿಗೆ ಸಿಕ್ಕ ವಯಸ್ಸಿಗಿಂತ 10 ವರ್ಷ ಮುಂಚೆ, ಯಾವ್ದು ಮೊದ್ಲು ಬರುತ್ತೋ ಆಗ ಮಾಡ್ಸಬೇಕು. ನಿಂಗೆ 40ಕ್ಕೆ ಬರುತ್ತೆ. ಅಕ್ಕ ತಂಗಿ ಇದ್ರೆ ಅವರಿಗೂ ಇದೇ ಲೆಕ್ಕ, ಮದುವೆ ಆಗಿ ಬೇರೆ ಮನೆಗೆ ಹೋದ್ರು ಅಂತ ಬಿಡಬೇಡ. ಮಧ್ಯ ರಕ್ತ ಬಂದ್ರೆ, ಮಲ ಹೋಗೋ ಅಭ್ಯಾಸ ಬದಲಾದ್ರೆ ವಯಸ್ಸು ನೋಡದೆ ಬಾ.

ಔಷಧಿ ನೀರಿನ ವಿಷ್ಯ. ಅದು ಎರಡು ಲೀಟರ್, ಉಪ್ಪುಪ್ಪು, ಕುಡಿಯೋದು ಕಷ್ಟಾನೇ. ಒಂದೇ ಸಲ ಕುಡಿಸ್ಬೇಡಿ, ಅರ್ಧ ಹಿಂದಿನ ಸಂಜೆ ಅರ್ಧ ಬೆಳಗಿನ ಜಾವ ಅಂತ ನಾವೇ ಹೇಳಿರ್ತೀವಿ, ತಣ್ಣಗೆ ಮಾಡಿ ಕೊಟ್ರೆ ಸ್ವಲ್ಪ ಇಳಿಯುತ್ತೆ. ಹಿಂದಿನ ದಿನ ಮುದ್ದೆ, ಸೊಪ್ಪು, ಕಾಳು, ಬೀಜ ಇರೋ ಹಣ್ಣು ಬೇಡ, ಎಳನೀರು, ಗಂಜಿ ತಿಳಿ, ಸೋಸಿದ ಮಜ್ಜಿಗೆ ನೀರು ಕೇಳ್ಕೊಂಡು ಕೊಡಿ. ರಾತ್ರಿ ಮುದ್ದೆ ಸೊಪ್ಪಿನ ಸಾರು ತಿಂದು ಬಂದಿರೋರು ಸಿಗ್ತಾರೆ, ಕ್ಯಾಮೆರಾ ಮೇಲೆ ಸೊಪ್ಪು ಅಂಟ್ಕೊಂಡು ಏನೂ ಕಾಣಲ್ಲ, ವಾಪಸ್ ಕಳಿಸ್ಬೇಕಾಗುತ್ತೆ. 5 ಮಿ.ಮೀ. ಪಾಲಿಪ್ ಅಂದ್ರೆ ಒಂದು ಅವರೆಕಾಳಷ್ಟೂ ಇರಲ್ಲ, ಕರುಳು ತಿಳಿಯಾಗಿದ್ರೆ ಮಾತ್ರ ಸಿಗುತ್ತೆ. ತೆಗೆಯುವಾಗ ಅದರ ಬುಡಕ್ಕೆ ತಂತಿ ಕುಣಿಕೆ ಹಾಕಿ ಬಿಗಿದು ಕತ್ತರಿಸ್ತಾರೆ, ಒಳಗೋಡೆ ಆ ಜಾಗದಲ್ಲಿ ನೋವು ತಿಳಿಯಲ್ಲ. ಚೂರನ್ನ ಫಾರ್ಮಲಿನ್ ಡಬ್ಬಿಗೆ ಹಾಕಿ ಹೆಸ್ರು ಬರೆಯೋದು ನನ್ನ ಕೆಲಸ, ಎರಡೆರಡು ಸಲ ಓದಿ ಬರೀತೀನಿ.

ಹೃದಯಕ್ಕೆ ರಕ್ತ ತೆಳು ಮಾಡೋ ಮಾತ್ರೆ ತಗೊಳ್ಳೋರು ಮೊದ್ಲೇ ಹೇಳ್ಬೇಕು.

ಶಿಡ್ಲಘಟ್ಟ_ರೇಷ್ಮೆ
ನಮ್ಮ ಹಳ್ಳೀಲಿ ನಾಲ್ಕು ಮನೆಗೆ ಒಂದು ಶೌಚಾಲಯ ಇರೋ ಕಡೆ ಈ ಔಷಧಿ ನೀರು ಕುಡಿದು ರಾತ್ರಿ ಹೆಂಗಸರು ಎಲ್ಲಿಗೆ ಹೋಗ್ಬೇಕು ನರ್ಸಕ್ಕ? ನಮ್ಮತ್ತೆ ಇದೊಂದೇ ಕಾರಣಕ್ಕೆ ಬೇಡ ಅಂತ ಕೂತವ್ರೆ.

ನರ್ಸಕ್ಕ_ಕೋಲಾರ
ಇದನ್ನ ಕೇಳೋರೇ ಕಮ್ಮಿ, ಕೇಳಿದ್ದು ಒಳ್ಳೇದಾಯ್ತು. ಹಿಂದಿನ ದಿನವೇ ಅಡ್ಮಿಟ್ ಮಾಡ್ಕೊಳ್ಳಿ ಅಂತ ಬಾಯಿಬಿಟ್ಟು ಕೇಳಿ, ವಯಸ್ಸಾದೋರಿಗೆ, ದೂರದೋರಿಗೆ ವಾರ್ಡಲ್ಲೇ ತಯಾರಿ ಮಾಡ್ಸೋದು ಇದೆ. ಬಸ್ಸಲ್ಲಿ ಬರ್ತಾ ದಾರೀಲಿ ಪಡೋ ಪಾಡು ಬೇಡ.

ಶಿಡ್ಲಘಟ್ಟ_ರೇಷ್ಮೆ
ಸರಿ ಅಕ್ಕ, ನಾಳೆನೇ ಫೋನ್ ಮಾಡ್ತೀನಿ.

ಸುಮ್ನೆ_ಓದೋನು
ಎಲ್ರಿಗೂ ಪೈಪ್ ಪರೀಕ್ಷೆನೇ ಬೇಕಾ? ಮಲ ಪರೀಕ್ಷೆ ಅಂತ ಏನೋ ಇದ್ಯಲ್ಲ?

ನರ್ಸಕ್ಕ_ಕೋಲಾರ
ಇದೆ, ಎಫ್‌ಐಟಿ ಅಂತ. ಕಣ್ಣಿಗೆ ಕಾಣದ ರಕ್ತ ಮಲದಲ್ಲಿ ಇದ್ಯಾ ಅಂತ ನೋಡುತ್ತೆ, ಪಥ್ಯ ಬೇಡ, ಸ್ವಲ್ಪ ಮಲ ಡಬ್ಬೀಲಿ ಕೊಟ್ರೆ ಆಯ್ತು. ತೊಂದ್ರೆ ಏನೂ ಇಲ್ದೆ ಇರೋ ಮಧ್ಯವಯಸ್ಸಿನೋರಿಗೆ ಒಳ್ಳೇ ಶುರು. ಪಾಸಿಟಿವ್ ಬಂದ್ರೆ ಕೊಲೊನೋಸ್ಕೋಪಿ ಬೇಕೇ ಬೇಕು. ನೆಗೆಟಿವ್ ಬಂದ್ರೂ ಪಾಲಿಪ್ ಇರಬೋದು, ರಕ್ತ ಸೋರದ ಪಾಲಿಪ್ ಇದಕ್ಕೆ ಸಿಗಲ್ಲ. ಕಣ್ಣಿಗೆ ಕಾಣೋ ಹಾಗೆ ರಕ್ತ ಬೀಳ್ತಿರೋರು ಇದನ್ನ ಮಾಡ್ಸಿ ಕೂರಬೇಡಿ, ನೇರ ಡಾಕ್ಟ್ರ ಹತ್ರ ಹೋಗಿ.

ಕೆಜಿಎಫ್_ಶಿಫ್ಟ್
ಸರ್ಕಾರದೋರು ಹಳ್ಳಿಗೆ ಬಂದು ಬಿಪಿ ಶುಗರ್ ನೋಡ್ತಾರೆ, ಬಾಯಿ, ಸ್ತನ, ಗರ್ಭಕೊರಳು ಕ್ಯಾನ್ಸರ್ ನೋಡ್ತಾರೆ. ಕರುಳಿಂದು ಆ ಪಟ್ಟೀಲೇ ಇಲ್ಲ. ಆಶಾ ಕಾರ್ಯಕರ್ತೆ ಮಲದಲ್ಲಿ ರಕ್ತ ಬರುತ್ತಾ ಅಂತ ಒಂದು ಮಾತು ಕೇಳಿದ್ರೆ ಎಷ್ಟೋ ಮನೆ ಉಳೀತಿತ್ತು. ನಮ್ಮ ಮಾವನ್ನ ಯಾರೂ ಕೇಳ್ಲಿಲ್ಲ, ಅವರಾಗೇ ಹೇಳೋಕೆ ನಾಚಿಕೆ.

ಪಾವಗಡ_ಬಿಸಿಲು
ಇದು ನಿಜ. ಬಾಯಿಯಲ್ಲಿ ರಕ್ತ ಬಂದ್ರೆ ಹೇಳ್ತೀವಿ, ಅಲ್ಲಿ ಬಂದ್ರೆ ಹೆಂಡ್ತಿಗೂ ಹೇಳಲ್ಲ.

ಮುಳಬಾಗ್ಲು_ಹುಡುಗ
ಅಪ್ಡೇಟ್: ಅಪ್ಪನ್ನ ಹಲ್ಲಿನ ಡಾಕ್ಟ್ರಿಗೆ ತೋರ್ಸಿದ್ವಿ. ಪಾಕೆಟ್ 5, 6 ಮಿ.ಮೀ. ಇದ್ವು, ಮುಂದಿನ ಎರಡು ಹಲ್ಲು ಮಾತ್ರ ತೆಗೀಬೇಕು, ಉಳಿದಿದ್ದು ಉಳಿಸ್ಬೋದು ಅಂದ್ರು. ಒಂದು ಕಡೆ ಕ್ಲೀನಿಂಗ್ ಆಯ್ತು, ಇನ್ನೊಂದು ಕಡೆ ಮುಂದಿನ ವಾರ. ಶುಗರ್ ನೋಡಿದ್ರೆ ಅದೂ ಐತೆ, ನಮಗೆ ಗೊತ್ತೇ ಇರ್ಲಿಲ್ಲ. ಕಡ್ಡಿಪುಡಿ ಬಿಡ್ತೀನಿ ಅಂದವ್ರೆ, ಸಂಚಿ ನನ್ನ ಹತ್ರ ಕೊಟ್ಟವ್ರೆ. ಚಿಕ್ಕಪ್ಪ ಈಗ ಸ್ಕೇಲಿಂಗ್ (ಪಾಚಿ ಕೆರೆಯೋದು) ಮಾಡಿದ್ರೆ ಹಲ್ಲು ಸಡಿಲ ಆಗುತ್ತೆ ಅಂತ ಹೊಸ ರಾಗ ತೆಗ್ದವ್ರೆ, ಇದಕ್ಕೇನ್ ಹೇಳ್ಲಿ ಡಾಕ್ಟ್ರೇ?

ಹಲ್ಲಿನ_ಡಾಕ್ಟ್ರು_ತುಮಕೂರು
ತುಂಬಾ ಸಂತೋಷ. ಸಡಿಲ ಆಗಿರೋದು ಮೊದ್ಲೇ, ಪಾಚಿ ಗಟ್ಟಿಯಾಗಿ ಹಿಡ್ಕೊಂಡಿದ್ದರಿಂದ ಗೊತ್ತಾಗ್ತಿರಲಿಲ್ಲ, ಅದು ತೆಗೆದ ಮೇಲೆ ಕೆಲವು ದಿನ ಜುಮ್ಮೆನ್ನುತ್ತೆ, ಹಲ್ಲಿನ ಸಂದಿ ಕಾಣುತ್ತೆ, ಆಮೇಲೆ ವಸಡು ಬಿಗಿಯಾಗುತ್ತೆ. ಸಂದಿಗೆ ಹಾಕೋ ಸಣ್ಣ ಬ್ರಷ್ ಮೆಡಿಕಲ್ ಶಾಪಲ್ಲಿ ಸಿಗುತ್ತೆ, ರಾತ್ರಿ ಮಲಗೋ ಮುಂಚೆ ಹಾಕ್ಕೊಳ್ಳಿ. ಮೂರು ತಿಂಗಳಿಗೆ ಮತ್ತೆ ಪಾಕೆಟ್ ಅಳತೆ ಮಾಡ್ಸಿ. ಶುಗರ್ ಮಾತ್ರೆ ತಪ್ಪಿಸ್ಬೇಡಿ, ಶುಗರ್ ಏರಿದ್ರೆ ವಸಡು ಕೆಡುತ್ತೆ, ವಸಡು ಕೆಟ್ರೆ ಶುಗರ್ ಇಳಿಯಲ್ಲ.

ಚಿಂತಾಮಣಿ_ಮೆಡಿಕಲ್ಸ್
ಆ ಸಣ್ಣ ಬ್ರಷ್ ಎಲ್ಲಾ ಅಂಗಡೀಲೂ ಇಡಲ್ಲ, ಹೇಳಿದ್ರೆ ಎರಡು ದಿನದಲ್ಲಿ ತರ್ಸಿಕೊಡ್ತಾರೆ. ಅಳತೆ ಯಾವ್ದು ಅಂತ ಡಾಕ್ಟ್ರ ಹತ್ರ ಬರೆಸ್ಕೊಂಡು ಹೋಗಿ, ದಪ್ಪದ್ದು ತಗೊಂಡು ವಸಡು ಚುಚ್ಚಿಕೊಂಡು ಬರ್ತಾರೆ.

ಮುಳಬಾಗ್ಲು_ಹುಡುಗ
ಸರಿ, ಮುಂದಿನ ವಾರ ಹೋದಾಗ ಬರೆಸ್ಕೊಳ್ತೀನಿ. ಚಿಕ್ಕಪ್ಪನ್ನೂ ಜೊತೇಲಿ ಕರ್ಕೊಂಡು ಹೋಗಿ ಅವರ ಬಾಯೂ ತೋರಿಸ್ತೀನಿ, ಅವರಿಗೂ 55 ಆಯ್ತು, ತಮ್ಮ ಅಂದ್ರೆ ಅವರೂ ಕರುಳು ನೋಡಿಸ್ಬೇಕಲ್ವಾ ನರ್ಸಕ್ಕ?

ನರ್ಸಕ್ಕ_ಕೋಲಾರ
ಹೌದು, ಸ್ವಂತ ತಮ್ಮ ಅಂದ್ರೆ ಅವರಿಗೂ ಇದೇ ನಿಯಮ, 40 ದಾಟಿ ಆಗಿದೆ. ಅಣ್ಣನ ಬಯಾಪ್ಸಿ ರಿಪೋರ್ಟ್ ಜೆರಾಕ್ಸ್ ತಗೊಂಡು ಬರಲಿ, ಸೋಮವಾರದಿಂದ ಶನಿವಾರ ಬೆಳಗ್ಗೆ ಓಪಿಡಿ ಇರುತ್ತೆ.